ಐದು ನಕ್ಷತ್ರ ಕೊಟ್ಟಿದ್ದೆ, ಈಗ ಮೂರು

ಎರಡು ವರ್ಷದ ಹಿಂದೆ ಇದೇ ಶಾಲೆಗೆ ಐದಕ್ಕೆ ಐದು ಕೊಟ್ಟು ರಿವ್ಯೂ ಬರೆದವಳು ನಾನೇ. ಶೌಚಾಲಯ ಚೊಕ್ಕವಾಗಿದೆ, ಟೀಚರ್‌ಗಳು ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾರೆ, ಮಗು ಯಾರ ಜೊತೆ ಹೋಗುತ್ತಿದೆ ಅಂತ ನೋಡಿಯೇ ಗೇಟಿನವರು ಹೊರಗೆ ಬಿಡುತ್ತಾರೆ ಎಂದೆಲ್ಲ ಬರೆದಿದ್ದೆ. ಅದರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಹೋದ ವರ್ಷ ಶಾಲೆ ಮುಚ್ಚುವ ಸ್ಥಿತಿಗೆ ಬಂತು. ಆಗ ಕರೆದ ಸಭೆಯಲ್ಲಿ ನನ್ನ ಪಕ್ಕ ಕೂತಿದ್ದ ಒಬ್ಬ ತಾಯಿ, "ನೀವು ಬರೆದಿದ್ದನ್ನು ಓದಿಯೇ ಮಗನನ್ನು ಇಲ್ಲಿ ಸೇರಿಸಿದ್ದು ಮೇಡಂ" ಅಂದರು. ಬೈದಿದ್ದರೆ ಪರವಾಗಿರಲಿಲ್ಲ. ಅವರು ಸುಮ್ನೆ ಹೇಳಿದರು, ಅಷ್ಟೇ. ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ.

ಈ ಸಲ ಹೆಸರು ಹಾಕುತ್ತಿಲ್ಲ. ಅಲ್ಲಿ ಇನ್ನೂ ಮಕ್ಕಳು ಓದುತ್ತಿದ್ದಾರೆ, ನನ್ನ ಮಗಳೂ ಸೇರಿ.

ಮೊದಲು ನನ್ನ ಬಗ್ಗೆ ಒಂದು ಮಾತು. ನಾನು ಲೆಕ್ಕ ಬರೆಯುವವಳು. ಹದಿನಾರು ವರ್ಷದಿಂದ ಬೇರೆಯವರ ಜಮಾ ಖರ್ಚು ನೋಡಿಯೇ ನನ್ನ ಸಂಸಾರ ನಡೆದಿದೆ. ಯಾವ ವ್ಯಾಪಾರ ಗಟ್ಟಿಯಾಗಿ ನಿಂತಿದೆ, ಯಾವುದು ವಾಲುತ್ತಿದೆ ಅಂತ ಮೂರು ತಿಂಗಳ ಪುಸ್ತಕ ನೋಡಿದರೆ ಹೇಳಬಲ್ಲೆ. ಅಂಥವಳು ಮಗಳ ಶಾಲೆಯ ಲೆಕ್ಕವನ್ನು ಏಳು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ. ನಕ್ಷತ್ರ ಕೊಡುವಾಗ ಶೌಚಾಲಯ ನೋಡಿದ್ದೆ, ಬ್ಯಾಲೆನ್ಸ್ ಶೀಟ್ ನೋಡಿರಲಿಲ್ಲ.

ಸೂಚನೆಗಳು ಇರಲಿಲ್ಲವೇ? ಬೇಕಾದಷ್ಟಿದ್ದವು. ಸಂಗೀತದ ಮಿಸ್ ವರ್ಷದ ನಡುವೆ ಬಿಟ್ಟು ಹೋದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಲೈಬ್ರರಿಗೆ ಬೀಗ ಬಿತ್ತು. ಕೇಳಿದರೆ "ಪುಸ್ತಕ ಜೋಡಿಸುತ್ತಿದ್ದೇವೆ" ಅಂದರು. ಒಂದಿಡೀ ವರ್ಷ ಜೋಡಿಸಿದರು. ಎರಡು ಬಸ್ಸಿನ ರೂಟ್ ಸೇರಿಸಿ ಒಂದು ಮಾಡಿದರು. ಆಟದ ಸರ್ ಆರನೇ ತರಗತಿಗೆ ಗಣಿತ ಹೇಳಿಕೊಡತೊಡಗಿದರು. ಒಳ್ಳೆಯ ಮನುಷ್ಯ ಅವರು, ಆದರೆ ಭಿನ್ನರಾಶಿ ಬಂದಾಗ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗುತ್ತಿದ್ದರಂತೆ. ಮಗಳು ಇದನ್ನು ಖುಷಿಯಿಂದ ಹೇಳಿದ್ದಳು, ನಾನೂ ನಕ್ಕಿದ್ದೆ. ಅದೇ ವರ್ಷ ಅಡ್ಮಿಷನ್ ಸಮಯಕ್ಕೆ ಸರಿಯಾಗಿ ಗೇಟಿಗೆ ಮಾತ್ರ ಹೊಸ ಬಣ್ಣ ಬಂದಿತ್ತು.

ಇವೆಲ್ಲಕ್ಕಿಂತ ದೊಡ್ಡ ಸೂಚನೆಯನ್ನು ನಾನು ಲಾಭ ಅಂದುಕೊಂಡೆ. ವರ್ಷ ಮುಗಿಯಲು ಇನ್ನೂ ನಾಲ್ಕು ತಿಂಗಳಿರುವಾಗಲೇ ಒಂದು ಸುತ್ತೋಲೆ ಬಂತು: ಮುಂದಿನ ವರ್ಷದ ಪೂರ್ತಿ ಫೀಸನ್ನು ಈಗಲೇ ಕಟ್ಟಿದರೆ ಒಳ್ಳೆಯ ರಿಯಾಯಿತಿ. ಎಷ್ಟೋ ಜನ ಕಟ್ಟಿದರು. ಆ ತಾಯಿಯೂ ಕಟ್ಟಿದ್ದರು. ನನ್ನ ಯಾವುದಾದರೂ ಗಿರಾಕಿ ಹೀಗೆ ಮಾಡಿದ್ದರೆ, "ಸರ್, ನಾಳಿನ ದುಡ್ಡಲ್ಲಿ ನಿನ್ನೆಯ ಸಾಲ ತೀರಿಸುತ್ತಿದ್ದೀರಿ, ನಾಡಿದ್ದು ಏನು ಮಾಡುತ್ತೀರಿ?" ಅಂತ ನಾನೇ ಕೇಳುತ್ತಿದ್ದೆ. ಶಾಲೆಯ ವಿಷಯದಲ್ಲಿ ಆ ಪ್ರಶ್ನೆ ನನ್ನ ತಲೆಗೇ ಬರಲಿಲ್ಲ.

ಒಂದು ಶುಕ್ರವಾರ ಸಂಜೆ ಮೆಸೇಜ್ ಬಂತು. ಇಂಥ ಮೆಸೇಜ್‌ಗಳು ಯಾವಾಗಲೂ ಶುಕ್ರವಾರ ಸಂಜೆಯೇ ಬರುತ್ತವೆ, ಆಫೀಸಿನ ಫೋನ್ ತೆಗೆಯುವವರು ಮನೆಗೆ ಹೋದ ಮೇಲೆ. "ಅನಿವಾರ್ಯ ಕಾರಣಗಳಿಂದ ಮುಂದಿನ ಶೈಕ್ಷಣಿಕ ವರ್ಷದಿಂದ ಶಾಲೆ ನಡೆಸುವುದು ಕಷ್ಟವಾಗಿದ್ದು, ಪೋಷಕರು ಸಹಕರಿಸಬೇಕು." ಏನಕ್ಕೆ ಸಹಕರಿಸಬೇಕು ಅಂತ ಬರೆದಿರಲಿಲ್ಲ. ಸೋಮವಾರ ಬೆಳಿಗ್ಗೆ ಎಂಟಕ್ಕೇ ಟಿಸಿಗೆ ಸಾಲು ನಿಂತಿತ್ತು. ಮಗಳ ಆಪ್ತ ಗೆಳತಿ ಆ ವಾರವೇ ಹೋದಳು. ಡೆಸ್ಕಿನಲ್ಲಿ ಅವಳ ಜಾಗಕ್ಕೆ ಮಗಳು ತನ್ನ ಬ್ಯಾಗ್ ಇಡತೊಡಗಿದಳು, ಬೇರೆ ಯಾರೂ ಕೂರಬಾರದು ಅಂತ.

ಸಭೆ ನಡೆದದ್ದು ಅದಾದ ಮೇಲಿನ ಶನಿವಾರ. ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಆಡಳಿತ ಮಂಡಳಿಯ ಅಧ್ಯಕ್ಷರು ಮೈಕ್ ಹಿಡಿದು, ಪೋಷಕರು ಫೀಸು ಕಟ್ಟದೆ ಇರುವುದೇ ಎಲ್ಲದಕ್ಕೂ ಕಾರಣ ಅಂದರು. ಗಲಾಟೆಯಾಯಿತು. ಹಿಂದಿನಿಂದ ಒಬ್ಬರು, "ಹಾಗಾದರೆ ಲೆಕ್ಕ ತೋರಿಸಿ ಸರ್, ಮುಗೀತು" ಅಂದರು. "ಅದು ಸಂಸ್ಥೆಯ ಆಂತರಿಕ ವಿಚಾರ" ಅಂತ ಉತ್ತರ ಬಂತು. ಆಗ ಎರಡನೇ ತರಗತಿಯ ಮಿಸ್ ಎದ್ದು ನಿಂತರು. ಮೈಕ್ ಕೇಳಲಿಲ್ಲ. "ನಮಗೆ ನಾಲ್ಕು ತಿಂಗಳಿಂದ ಸಂಬಳ ಆಗಿಲ್ಲ. ಮಕ್ಕಳಿಗೆ ಗೊತ್ತಾಗಬಾರದು ಅಂತ ಸುಮ್ಮನಿದ್ದೆವು" ಅಂದು ಕೂತರು. ಹಾಲ್‌ನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ನನ್ನ ಮಗಳಿಗೆ ಅಕ್ಷರ ಕಲಿಸಿದವರು ಅವರು. ನಾಲ್ಕು ತಿಂಗಳು ದಿನಾ ಬೆಳಿಗ್ಗೆ ಅವರಿಗೆ ಗುಡ್ ಮಾರ್ನಿಂಗ್ ಹೇಳಿದ್ದೇನೆ, ಅವರೂ ನಗುತ್ತಲೇ ಹೇಳಿದ್ದರು.

ಆ ಹತ್ತು ಸೆಕೆಂಡಿನ ಮೌನದಿಂದ ಐದು ಜನರ ಸಮಿತಿ ಹುಟ್ಟಿತು. ಇಬ್ಬರು ಪೋಷಕರು, ಇಬ್ಬರು ಟೀಚರ್‌ಗಳು, ಲೆಕ್ಕಪರಿಶೋಧಕರಾಗಿರುವ ಒಬ್ಬ ಹಳೆಯ ವಿದ್ಯಾರ್ಥಿ. ಪೋಷಕರಲ್ಲಿ ನಾನೊಬ್ಬಳು.

ಮೂರು ಸಂಜೆ ಆಫೀಸಿನಲ್ಲಿ ಕೂತು ಪುಸ್ತಕ ತಿರುವಿದೆವು. ಶಾಲೆಯ ಲೆಕ್ಕ ಗೊತ್ತಿಲ್ಲದವರಿಗೆ ಒಂದು ವಿಷಯ ಹೇಳಬೇಕು, ಏಕೆಂದರೆ ಎಲ್ಲ ಪೆಟ್ಟೂ ಬೀಳುವುದು ಇಲ್ಲೇ. ಖರ್ಚಿನಲ್ಲಿ ಬಹುಪಾಲು ಸಂಬಳಕ್ಕೇ ಹೋಗುತ್ತದೆ. ಒಂದು ತರಗತಿಯಲ್ಲಿ 30 ಮಕ್ಕಳಿದ್ದಾರೆ ಅಂದುಕೊಳ್ಳಿ. ಎಂಟು ಮಕ್ಕಳು ಬಿಟ್ಟು ಹೋದರು. ಎಂಟು ಫೀಸು ನಿಂತಿತು. ಖರ್ಚು ಎಷ್ಟು ಇಳಿಯಿತು? ಏನೂ ಇಲ್ಲ. ಟೀಚರ್ ಅವರೇ, ಕೋಣೆ ಅದೇ, ಲೈಟು ಫ್ಯಾನು ಅವೇ, ಬಸ್ಸು ಅದೇ ದಾರಿಯಲ್ಲಿ ಹೋಗಬೇಕು. ಅಂಗಡಿಯಾದರೆ ವ್ಯಾಪಾರ ಕಡಿಮೆಯಾದಾಗ ಸರಕು ಕಡಿಮೆ ತರಿಸಬಹುದು. ಮುಕ್ಕಾಲು ಟೀಚರ್ ಎಂಬುದು ಇಲ್ಲ. ಹಾಗಾಗಿ ಶಾಲೆ ನಿಧಾನವಾಗಿ ಬೀಳುವುದಿಲ್ಲ. ಒಂದು ಗೆರೆಯವರೆಗೂ ಚೆನ್ನಾಗಿಯೇ ಇರುತ್ತದೆ, ಆ ಗೆರೆ ದಾಟಿದ ವರ್ಷ ದಬ್ಬನೆ ಕುಸಿಯುತ್ತದೆ.

ನಮ್ಮ ಶಾಲೆ ಆ ಗೆರೆಯ ಹತ್ತಿರ ಬಂದದ್ದು 2020ರಲ್ಲಿ. ಕೋವಿಡ್ ಜೋರಾಗಿದ್ದಾಗ ಜಗತ್ತಿನಾದ್ಯಂತ 150 ಕೋಟಿಗೂ ಜಾಸ್ತಿ ಮಕ್ಕಳ ಶಾಲೆ ಕಾಲೇಜು ಬಾಗಿಲು ಹಾಕಿತ್ತು ಅಂತ ಯುನೆಸ್ಕೋ ಲೆಕ್ಕ ಹಾಕಿತ್ತು. ಕೂಡಿಟ್ಟ ಹಣ ಇಲ್ಲದ ಖಾಸಗಿ ಶಾಲೆಗಳಿಗೆ ಆ ಹೊಡೆತದಿಂದ ಮೇಲೇಳಲು ವರ್ಷಗಳೇ ಬೇಕಾದವು. ನಮ್ಮದರಲ್ಲಿ ಕೂಡಿಟ್ಟ ಹಣ ಏಕಿರಲಿಲ್ಲ ಅಂದರೆ, ಅದಕ್ಕೂ ಹಿಂದಿನ ವರ್ಷ ಹೊಸ ಕಟ್ಟಡ ಕಟ್ಟಿಸಿದ್ದರು. ಸಾಲ ತಂದು. ಮಕ್ಕಳು ಹೆಚ್ಚುತ್ತಲೇ ಹೋಗುತ್ತಾರೆ ಎಂಬ ನಂಬಿಕೆಯ ಮೇಲೆ ಕಟ್ಟಿದ ಎರಡು ಮಹಡಿ. ಮೇಲಿನ ಮಹಡಿಯ ಡೆಸ್ಕುಗಳಿಗೆ ಸುತ್ತಿದ್ದ ಪ್ಲಾಸ್ಟಿಕ್ ಕೂಡ ಯಾರೂ ಬಿಚ್ಚಿರಲಿಲ್ಲ.

ಅಲ್ಲಿಯವರೆಗೆ ನನಗೆ ಸಿಟ್ಟಿರಲಿಲ್ಲ. ತಪ್ಪು ಅಂದಾಜು ಯಾರಿಗೂ ಆಗಬಹುದು. ಸಿಟ್ಟು ಬಂದದ್ದು ಬೇರೆ ಎರಡು ಪುಟ ನೋಡಿ. ಹಳೆಯ ಕಟ್ಟಡದ ಬಾಡಿಗೆ ಹೋಗುತ್ತಿದ್ದದ್ದು ಅಧ್ಯಕ್ಷರ ಹತ್ತಿರದ ಸಂಬಂಧಿಯ ಖಾತೆಗೆ. ಟೀಚರ್‌ಗಳ ಸಂಬಳ ನಿಂತ ತಿಂಗಳುಗಳಲ್ಲೂ ಬಾಡಿಗೆ ಮಾತ್ರ ಒಂದನೇ ತಾರೀಕಿಗೇ ಸಂದಾಯವಾಗಿತ್ತು. ಕರಾರುಪತ್ರ ಕೇಳಿದರೆ ಇರಲಿಲ್ಲ. ಇನ್ನೊಂದು, ನಾವೆಲ್ಲ ಸೇರುವಾಗ ಕಟ್ಟಿದ ಡೆಪಾಸಿಟ್. ವಾಪಸ್ ಕೊಡುತ್ತೇವೆ ಅಂತ ರಸೀದಿಯಲ್ಲಿ ಬರೆದಿರುವ ಹಣ. ಅದು ಖಾತೆಯಲ್ಲಿ ಇರಲೇ ಇಲ್ಲ. ಕರೆಂಟ್ ಬಿಲ್ಲಿಗೆ, ಡೀಸೆಲ್ಲಿಗೆ, ಗೇಟಿನ ಬಣ್ಣಕ್ಕೆ ಹೋಗಿತ್ತು.

ಮೂರನೇ ಸಂಜೆ ಬಾಕಿದಾರರ ಪಟ್ಟಿ ತೆಗೆದೆವು. ಉದ್ದವಿತ್ತು. ಅಧ್ಯಕ್ಷರು ಹೇಳಿದ್ದು ಪೂರ್ತಿ ಸುಳ್ಳಾಗಿರಲಿಲ್ಲ. ಬೆರಳಿಟ್ಟು ಓದುತ್ತಾ ಹೋದೆ. ಎರಡನೇ ಪುಟದ ನಡುವಿನಲ್ಲಿ ಒಂದು ಅಡ್ಮಿಷನ್ ನಂಬರ್ ಎಲ್ಲೋ ನೋಡಿದ ಹಾಗಿತ್ತು. ಮಗಳದು. ಎರಡು ಕಂತು ಬಾಕಿ.

ದುಡ್ಡಿರಲಿಲ್ಲ ಅಂತಲ್ಲ. ಇತ್ತು. ಫೋನ್ ಬಿಲ್ ಒಂದು ದಿನ ತಡವಾಗಲು ಬಿಟ್ಟವಳಲ್ಲ ನಾನು, ಏಕೆಂದರೆ ಕಟ್ಟದಿದ್ದರೆ ಫೋನ್ ನಿಲ್ಲುತ್ತದೆ. ಶಾಲೆ ತಾನೇ, ಕಾಯುತ್ತದೆ ಅಂದುಕೊಂಡಿದ್ದೆ. ಕಾದದ್ದು ಎರಡನೇ ತರಗತಿಯ ಮಿಸ್. ಅವರು ಆಗ ನನ್ನ ಎದುರಿಗೇ ಕೂತು ಇನ್ನೊಂದು ಪುಸ್ತಕ ನೋಡುತ್ತಿದ್ದರು. ಪಟ್ಟಿಯನ್ನು ಅವರು ಮೊದಲೇ ಓದಿದ್ದರು ಅಂತ ಆಮೇಲೆ ಗೊತ್ತಾಯಿತು. ಒಂದು ಮಾತೂ ಆಡಿರಲಿಲ್ಲ.

ಮಾರನೆಯ ದಿನ ಬಾಕಿ ಕಟ್ಟಿದೆ. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ನನ್ನ ನಕ್ಷತ್ರಗಳನ್ನು ಎಷ್ಟು ನಂಬಬೇಕು ಅಂತ ಓದುವವರಿಗೆ ತಿಳಿದಿರಲಿ.

ಸಮಿತಿಯ ಹಳೆಯ ವಿದ್ಯಾರ್ಥಿ ಒಂದು ಕಥೆ ಹೇಳಿದರು. ಅಮೆರಿಕದ ವರ್ಜೀನಿಯಾದಲ್ಲಿ ಸ್ವೀಟ್ ಬ್ರಯರ್ ಎಂಬ ಹೆಣ್ಣುಮಕ್ಕಳ ಕಾಲೇಜಿದೆ, 1901ರಲ್ಲಿ ಸ್ಥಾಪನೆಯಾದದ್ದು. 2015ರ ಮಾರ್ಚ್ 3ರಂದು ಆಡಳಿತ ಮಂಡಳಿ ಇದ್ದಕ್ಕಿದ್ದಂತೆ ಕಾಲೇಜು ಮುಚ್ಚುವುದಾಗಿ ಹೇಳಿತು. ಹಳೆಯ ವಿದ್ಯಾರ್ಥಿನಿಯರು ಅಳುತ್ತಾ ಕೂರಲಿಲ್ಲ. ಸಂಘ ಕಟ್ಟಿದರು, ಕೋರ್ಟಿಗೆ ಹೋದರು, ದುಡ್ಡು ಸೇರಿಸಿದರು. ಜೂನ್ ತಿಂಗಳಲ್ಲಿ ರಾಜ್ಯದ ಅಟಾರ್ನಿ ಜನರಲ್ ಮಧ್ಯಸ್ಥಿಕೆಯಲ್ಲಿ ಒಪ್ಪಂದವಾಯಿತು. ಹಳೆಯ ವಿದ್ಯಾರ್ಥಿನಿಯರು 1.2 ಕೋಟಿ ಡಾಲರ್ ಕೊಡಬೇಕು, ಬೇರೆ ಉದ್ದೇಶಕ್ಕೆ ಮೀಸಲಿದ್ದ ದತ್ತಿಯಲ್ಲಿ 1.6 ಕೋಟಿ ಡಾಲರ್ ಬಳಸಲು ಅಟಾರ್ನಿ ಜನರಲ್ ಅಡ್ಡಿ ತೆಗೆಯಬೇಕು, ಅಧ್ಯಕ್ಷರು ಇಳಿಯಬೇಕು, ಮಂಡಳಿಯಲ್ಲಿ ಹೊಸಬರ ಕೈ ಮೇಲಾಗಬೇಕು. ಕಾಲೇಜು ಉಳಿಯಿತು. ಆದರೆ ಮುಚ್ಚುತ್ತೇವೆ ಎಂಬ ಆ ಒಂದು ಮಾತಿಗೇ ಬಹಳ ಜನ ವಿದ್ಯಾರ್ಥಿನಿಯರು ಬೇರೆ ಕಡೆ ಹೋಗಿಯಾಗಿತ್ತು. "ನಮ್ಮ ಟಿಸಿ ಸಾಲಿನ ಹಾಗೇ" ಅಂದರು ಅವರು. "ನಾವು ಅಷ್ಟು ದುಡ್ಡು ಎಲ್ಲಿಂದ ತರೋಣ?" ಅಂತ ಕೇಳಿದೆ. "ದುಡ್ಡಿನ ಭಾಗ ಬಿಡಿ. ದುಡ್ಡು ಕೊಟ್ಟವರು ಕೀಲಿಕೈಯನ್ನೂ ಕೇಳಿದರು, ಅದನ್ನು ನೋಡಿ" ಅಂದರು.

ನಾವು ಕೇಳಿದ್ದೂ ಅದನ್ನೇ. ಬಾಕಿ ಕಟ್ಟುತ್ತೇವೆ, ಆದರೆ ಲೆಕ್ಕ ನೋಟೀಸ್ ಬೋರ್ಡಿಗೆ ಬರಬೇಕು.

ಇಲ್ಲೊಂದು ಜಗಳವಾಯಿತು. ಬಾಕಿದಾರರ ಹೆಸರನ್ನೂ ಬೋರ್ಡಿಗೆ ಹಾಕಬೇಕು, ಮಾನ ಹೋದರೆ ತಾನಾಗಿ ಕಟ್ಟುತ್ತಾರೆ ಅಂತ ಕೆಲವು ಪೋಷಕರು ಹಟ ಹಿಡಿದರು. ಸಂಬಳ ಸಿಗದ ಟೀಚರ್‌ಗಳೇ ಬೇಡ ಅಂದರು. "ಬೋರ್ಡ್ ಓದುವುದು ಮಕ್ಕಳು ಸರ್, ದೊಡ್ಡವರಲ್ಲ." ಕೊನೆಗೆ ತರಗತಿವಾರು ಬಾಕಿ ಎಷ್ಟು ಅಂತ ಮಾತ್ರ ಹಾಕುವುದಾಯಿತು. ನಿಜವಾಗಿಯೂ ಕಷ್ಟದಲ್ಲಿದ್ದ ಮನೆಗಳ ಜೊತೆ ಒಬ್ಬೊಬ್ಬರಾಗಿ ಕೂತು ಸಣ್ಣ ಕಂತು ಮಾಡಿಕೊಟ್ಟರು. ನನ್ನಂಥವರಿಗೆ ಒಂದು ಫೋನ್ ಕರೆ ಸಾಕಾಯಿತು.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, "ನಾವೂ ಮೀಟಿಂಗಿಗೆ ಬರಬಹುದಾ?" ಅಂತ ಚೀಟಿ ಬರೆದು ಕಳಿಸಿದ್ದಳು. ಬೇಡ ಅಂದುಬಿಟ್ಟರು. ಇಂಗ್ಲೆಂಡಿನ ಸಮ್ಮರ್‌ಹಿಲ್ ಶಾಲೆಗೂ ಮುಚ್ಚಿಹೋಗುವ ಗಂಡಾಂತರ ಬಂದಿತ್ತು. ಕಾರಣ ದುಡ್ಡಲ್ಲ, 1999ರ ಸರ್ಕಾರಿ ತಪಾಸಣೆ. 2000ದ ಮಾರ್ಚ್‌ನಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ರಾಜಿಯ ಮಾತು ಬಂದಾಗ ಮಕ್ಕಳೇ ಆ ಕೋಣೆಯಲ್ಲಿ ಸಭೆ ಸೇರಿಸಿ, ಮತ ಹಾಕಿ ಒಪ್ಪಿದರು. ನಾವು ಒಂದು ಚೀಟಿಗೂ ಸರಿಯಾದ ಉತ್ತರ ಕೊಡಲಿಲ್ಲ. ಇದಕ್ಕೆ ಅರ್ಧ ನಕ್ಷತ್ರ ಕಡಿತ, ಅದರಲ್ಲಿ ನನ್ನ ಪಾಲೂ ಇದೆ.

ಉಳಿದದ್ದು ಬೇಗ ಹೇಳುತ್ತೇನೆ. ಅಧ್ಯಕ್ಷರು ಇಳಿದರು, ಸುಲಭವಾಗಿ ಅಲ್ಲ. ಬಾಡಿಗೆ ಕಡಿಮೆಯಾಯಿತು, ಕರಾರುಪತ್ರ ಆಯಿತು. ಎರಡೆರಡು ಸೆಕ್ಷನ್ ಇದ್ದ ತರಗತಿಗಳನ್ನು ಒಂದು ಮಾಡಿದರು. ಹೊಸ ಕಟ್ಟಡದ ಮೇಲಿನ ಮಹಡಿಯಲ್ಲಿ ಈಗ ಸಂಜೆ ಬೇರೆಯವರ ಟ್ಯೂಷನ್ ನಡೆಯುತ್ತದೆ, ಆ ಬಾಡಿಗೆ ಸಾಲದ ಕಂತಿಗೆ ಹೋಗುತ್ತದೆ. ಟೀಚರ್‌ಗಳು ಸ್ವಲ್ಪ ಸಂಬಳ ಬಿಟ್ಟುಕೊಟ್ಟು ತ್ಯಾಗ ಮಾಡಲಿ ಅಂತ ಒಂದು ಸಲಹೆ ಬಂದಿತ್ತು. ಅದನ್ನು ನಾನು ಎದ್ದು ವಿರೋಧಿಸಿದೆ. ನಾಲ್ಕು ತಿಂಗಳು ಬಡ್ಡಿಯಿಲ್ಲದ ಸಾಲ ಕೊಟ್ಟವರು ಅವರೇ ಅಲ್ವಾ? ಹಳೆಯ ಬಾಕಿ ಸಂಬಳವನ್ನು ಹತ್ತು ಕಂತಿನಲ್ಲಿ ತೀರಿಸುವುದು ಅಂತಾಯಿತು. ಎಂಟು ಕಂತು ಮುಗಿದಿದೆ.

ಪ್ರತಿ ತಿಂಗಳು 5ನೇ ತಾರೀಕಿಗೆ ಬೋರ್ಡಿನಲ್ಲಿ ಒಂದು ಹಾಳೆ. ಆರೇ ಸಾಲು. ಎಷ್ಟು ಮಕ್ಕಳಿದ್ದಾರೆ. ಬರಬೇಕಾದ ಫೀಸು ಎಷ್ಟು, ಬಂದದ್ದೆಷ್ಟು. ಸಂಬಳ ಯಾವ ತಾರೀಕಿಗೆ ಆಯಿತು. ಬಾಡಿಗೆ ಮತ್ತು ಸಾಲದ ಕಂತು. ಡೆಪಾಸಿಟ್ ಖಾತೆಯಲ್ಲಿ ಎಷ್ಟಿದೆ. ಇಂದಿನಿಂದ ಒಂದು ರೂಪಾಯಿ ಬರದಿದ್ದರೂ ಎಷ್ಟು ವಾರ ನಡೆಸಬಹುದು. ಕೊನೆಯ ಸಾಲು ನನ್ನ ಹಟ. ಮೊದಲ ತಿಂಗಳು ಅದರಲ್ಲಿ "ಎರಡು" ಅಂತ ಬರೆದಿತ್ತು. ಅದನ್ನು ನೋಡಿ ಇನ್ನೂ ಮೂರು ಮಕ್ಕಳು ಶಾಲೆ ಬಿಟ್ಟರು, ಮುಚ್ಚಿಟ್ಟಿದ್ದರೆ ಬಿಡುತ್ತಿರಲಿಲ್ಲ ಅಂತ ಬೈಸಿಕೊಂಡೆ. ಇರಬಹುದು. ಆ ಹಾಳೆಯಲ್ಲಿ ಕೂಡಿಸಿದ್ದೂ ತಪ್ಪಾಗಿತ್ತು. ಐದನೇ ತರಗತಿಯ ಹುಡುಗ ಪೆನ್ಸಿಲಿನಲ್ಲಿ ತಿದ್ದಿಟ್ಟಿದ್ದ.

ಇನ್ನು ಈಗ ಶಾಲೆ ಹೇಗಿದೆ? ಚಿಕ್ಕ ತರಗತಿಗಳ ಪಾಠ ಮೊದಲಿನಷ್ಟೇ ಚೆನ್ನಾಗಿದೆ, ಇದರಲ್ಲಿ ಅನುಮಾನವೇ ಬೇಡ. ಮೇಲಿನ ತರಗತಿಗಳ ಗಣಿತ ಇನ್ನೂ ಕುಂಟುತ್ತಿದೆ. ಒಂದೂವರೆ ವರ್ಷದಲ್ಲಿ ಮೂರು ಜನ ಬದಲಾದರು, ಈಗಿನವರು ನಿಲ್ಲುತ್ತಾರೆ ಅನಿಸುತ್ತದೆ. ಬಸ್ಸು ದಿನಾ ಹತ್ತು ಹದಿನೈದು ನಿಮಿಷ ತಡ, ಒಂದೇ ಬಸ್ಸು ಎರಡು ದಾರಿ ಸುತ್ತುವಾಗ ಇನ್ನೇನಾಗುತ್ತದೆ. ಲೈಬ್ರರಿ ವಾರದಲ್ಲಿ ಎರಡು ದಿನ ತೆರೆಯುತ್ತದೆ, ಪೋಷಕರೇ ಸರದಿಯಲ್ಲಿ ಕೂರುತ್ತೇವೆ. ಬುಧವಾರ ನನ್ನದು. ಸಂಗೀತ ಇಲ್ಲ. ಶೌಚಾಲಯ ಈಗಲೂ ಚೊಕ್ಕ.

ಇಲ್ಲಿ ಅಂತಲ್ಲ, ಯಾವ ಖಾಸಗಿ ಶಾಲೆಗೆ ಸೇರಿಸುವುದಿದ್ದರೂ ಡೆಪಾಸಿಟ್ ಯಾವ ಖಾತೆಯಲ್ಲಿರುತ್ತದೆ ಅಂತ ಕೇಳಿ. ಕಟ್ಟಡ ಯಾರದು, ಬಾಡಿಗೆ ಯಾರಿಗೆ ಹೋಗುತ್ತದೆ ಅಂತ ಕೇಳಿ. ಹೋದ ತಿಂಗಳ ಸಂಬಳ ಯಾವತ್ತು ಆಯಿತು ಅಂತ ಆಫೀಸಿನಲ್ಲಿ ಅಲ್ಲ, ಟೀಚರ್ ಒಬ್ಬರನ್ನೇ ಮೆಲ್ಲಗೆ ಕೇಳಿ. ಮುಂಗಡ ಫೀಸಿಗೆ ದೊಡ್ಡ ರಿಯಾಯಿತಿ ಕೊಟ್ಟರೆ ಖುಷಿಪಡುವ ಮೊದಲು ಒಂದು ರಾತ್ರಿ ಮಲಗಿ ಯೋಚಿಸಿ. ಪ್ರಶ್ನೆ ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಅದೂ ಒಂದು ಉತ್ತರವೇ.

ಆ ತಾಯಿ ಮಗನನ್ನು ಬಿಡಿಸಲಿಲ್ಲ. ಲೈಬ್ರರಿಯಲ್ಲಿ ಗುರುವಾರ ಅವರದು.

ಮೂರು ನಕ್ಷತ್ರವನ್ನು ಮೂರೂವರೆ ಮಾಡೋಣ ಅಂದುಕೊಂಡೇ ಬರೆಯಲು ಕೂತಿದ್ದೆ. ಆದರೆ ಇವತ್ತು 9ನೇ ತಾರೀಕು. ಈ ತಿಂಗಳ ಹಾಳೆ ಬೋರ್ಡಿಗೆ ಇನ್ನೂ ಬಂದಿಲ್ಲ. ಹೋದ ತಿಂಗಳದ್ದೇ ಅಂಟಿಕೊಂಡಿದೆ, ಒಂದು ಮೂಲೆ ಬಿಟ್ಟುಕೊಂಡು ಗಾಳಿಗೆ ಆಡುತ್ತಿದೆ. ನಾಳೆ ಬೆಳಿಗ್ಗೆ ಮಗಳನ್ನು ಬಿಟ್ಟು ಆಫೀಸಿಗೆ ಹೋಗಿ ಕೇಳುತ್ತೇನೆ.